ಮಡಚುವ ಕುರ್ಚಿ, ಒಂದೇ ಒಂದು ಉಳಿದಿದೆ

ನನ್ನ ತಮ್ಮನನ್ನು ಒಂದು ಹಗಲು, ಒಂದು ರಾತ್ರಿಯ ಮಟ್ಟಿಗೆ ಕುರ್ಚಿ ಎಂದು ತೀರ್ಮಾನಿಸಲಾಗಿತ್ತು. ತೀರ್ಮಾನ ಮಾಡಿದವರು ಸಾಮಾನ್ಯರಲ್ಲ. ಅವರ ಬುದ್ಧಿಯನ್ನು ತಂಪಾಗಿಡಲೆಂದೇ ಕಂಪನಿಯವರು ಒಂದು ಕೋಣೆಯ ತುಂಬ ಫ್ಯಾನು ಹಾಕಿಸಿದ್ದರು. ಆದ್ದರಿಂದ ತಪ್ಪು ಅವರದಲ್ಲ. ನನ್ನ ತಮ್ಮನದೂ ಅಲ್ಲ. ಏನಾದರೂ ತಪ್ಪಿದ್ದರೆ ಅದು ಕುರ್ಚಿಯದೇ. ಇರಬೇಕಾದ ಜಾಗದಲ್ಲಿ ಅದು ಇರಲಿಲ್ಲ.

ತಮ್ಮನಿಗೆ ನಮ್ಮ ಬೀದಿಯವರು ಇಟ್ಟ ಹೆಸರು ಆಗ್ಲಿರಾಯ. ಯಾರು ಏನು ಹೇಳಿದರೂ ಅವನ ಬಾಯಿಂದ ಬರುವುದು "ಆಗ್ಲಿ." ತರಕಾರಿಯವನು "ಸ್ವಲ್ಪ ಬಾಡಿದೆ ಸಾರ್, ಪರವಾಗಿಲ್ವಾ?" ಎಂದರೆ ಆಗ್ಲಿ. ಕ್ಷೌರದವನು "ಇನ್ನೂ ಸ್ವಲ್ಪ ತೆಗೀಲಾ?" ಎಂದರೆ ಆಗ್ಲಿ. ಹೀಗಾಗಿ ನಮ್ಮ ಮನೆಯಲ್ಲಿ ತಾಜಾ ತರಕಾರಿಯೂ ಇರುವುದಿಲ್ಲ, ಅವನ ತಲೆಯಲ್ಲಿ ಕೂದಲೂ ಇರುವುದಿಲ್ಲ. ಕೆಲಸ ಊರಾಚೆಯ ದೊಡ್ಡ ಗೋದಾಮಿನಲ್ಲಿ. ಜನ ಮನೆಯಲ್ಲಿ ಕೂತು ಫೋನಿನಲ್ಲಿ ಒತ್ತಿದ ಸಾಮಾನುಗಳನ್ನೆಲ್ಲ ಗೂಡಿನಿಂದ ಇಳಿಸಿ, ಪ್ಯಾಕ್ ಮಾಡಿ, ಗಾಡಿಗೆ ಏರಿಸುವ ಗೋದಾಮು.

ಆ ಗೋದಾಮಿಗೆ ಹೊಸದಾಗಿ ಕೃತಕ ಬುದ್ಧಿಮತ್ತೆ ಬಂತು. ಯಾವ ಡಬ್ಬಿ ಯಾವ ಗೂಡಿನಲ್ಲಿದೆ ಎನ್ನುವುದು ಅದಕ್ಕೆ ಗೊತ್ತು, ಯಾರು ಯಾವ ಮೂಲೆಯಲ್ಲಿ ನಿಂತು ಹರಟುತ್ತಾರೆ ಎನ್ನುವುದೂ ಗೊತ್ತು. ಮಾತು ಜೇನಿನಂತೆ, ಆದರೆ ಎದುರಾಡುವ ಹಾಗಿಲ್ಲ. ಕೆಲಸದವರು ಒಂದೇ ದಿನದಲ್ಲಿ ಅದಕ್ಕೆ ದೊಡ್ಡಮ್ಮ ಎಂದು ಹೆಸರಿಟ್ಟರು. ಹತ್ತು ಜನರಿರುವ ಮನೆಯಲ್ಲಿ ಬೆಳೆದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಅದೇ ವಾರ ತಮ್ಮನ ಹೆಂಡತಿಗೆ ಕಣ್ಣಿನ ಪೊರೆ ತೆಗೆಸಿದ್ದೆವು. ಒಂದು ಕಣ್ಣು ತೆರೆದಿದ್ದರೆ ಇನ್ನೊಂದೂ ಇಣುಕಲು ಹೋಗುತ್ತದೆ ಎಂದು ಡಾಕ್ಟರು ಎರಡಕ್ಕೂ ಕಟ್ಟು ಹಾಕಿದ್ದರು. ಅವಳದೊಂದು ಹಟವಿತ್ತು.

"ಎಷ್ಟೋ ವರ್ಷದಿಂದ ನೀವು ನನಗೆ ಮಂಜಲ್ಲಿ ನಿಂತ ಲೈಟ್ ಕಂಬದ ಥರ ಕಾಣ್ತಿದೀರಿ. ಕಟ್ಟು ಬಿಚ್ಚಿದ ತಕ್ಷಣ ಮೊದಲು ನಿಮ್ಮ ಮುಖಾನೇ ನೋಡ್ಬೇಕು. ನೀವು ಎದುರಿಗೆ ನಿಲ್ಲೋವರೆಗೂ ನಾನು ಕಟ್ಟು ಬಿಚ್ಚಿಸಲ್ಲ. ಬರ್ತೀರಿ ತಾನೆ?"

"ಆಗ್ಲಿ" ಎಂದ ತಮ್ಮ. ಅವನ ಜೀವಮಾನದ ಆಗ್ಲಿಗಳಲ್ಲಿ ಯೋಚನೆ ಮಾಡಿ ಹೇಳಿದ್ದು ಇದೊಂದೇ ಇರಬೇಕು. ಹೇಳಿ, ಪಕ್ಕದ ಕೋಣೆಗೆ ಹೋಗಿ ಕನ್ನಡಿ ನೋಡಿಕೊಂಡು ಬಂದ.

ಕಟ್ಟು ಬಿಚ್ಚುವ ಹಿಂದಿನ ದಿನ ಗೋದಾಮಿನಲ್ಲಿ ಬಾರ್‌ಕೋಡ್ ಸ್ಟಿಕ್ಕರ್ ಅಂಟಿಸುವ ಕೆಲಸ. ಮ್ಯಾನೇಜರು ಸದಾ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು, ಅದರೊಳಗೇ ನಡೆದಾಡುವ ಮನುಷ್ಯ. "ಒಳಗಿರೋ ಪ್ರತಿಯೊಂದು ಮಾಲಿಗೂ ಅದರದರ ಸ್ಟಿಕ್ಕರ್ ಬೀಳ್ಬೇಕು. ಒಂದೇ ಒಂದು ಸ್ಟಿಕ್ಕರ್ ಕೈಯಲ್ಲಿ ಮಿಕ್ಕಿತೋ, ಮಾಲು ಕಳೆದಿದೆ ಅಂತ ಅರ್ಥ. ಹೆಡ್ ಆಫೀಸಿನೋರು ನೋಡ್ತಿದಾರೆ" ಎಂದರು.

ತಮ್ಮ ಆಗ್ಲಿ ಎಂದು ಅಂಟಿಸುತ್ತ ಹೋದ. ಕೊನೆಗೆ ಅವನ ಬೆರಳಿನ ತುದಿಯಲ್ಲಿ ಒಂದು ಸ್ಟಿಕ್ಕರ್ ಮಿಕ್ಕಿತು. ಮಡಚುವ ಕುರ್ಚಿ, ಕಂದು ಬಣ್ಣ. ಆ ಕುರ್ಚಿ ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು, ಆದರೆ ಹೇಳುವ ಹಾಗಿರಲಿಲ್ಲ. ಆ ಸಂಗತಿ ಆಮೇಲೆ ಬರುತ್ತದೆ.

ಅವನಿಗೊಂದು ಸಣ್ಣ ಆಸೆಯೂ ಇತ್ತು. ಮ್ಯಾನೇಜರ ಎದೆಯ ಮೇಲೆ ಮಿನುಗುವ ಬ್ಯಾಡ್ಜು, ಪ್ಯಾಕಿಂಗಿನ ಹೆಂಗಸರಿಗೂ ಬ್ಯಾಡ್ಜು. ಇವನದು ಮಾತ್ರ "ಬರುತ್ತೆ, ಬರುತ್ತೆ" ಎಂದು ತಿಂಗಳುಗಟ್ಟಲೆ ಬಂದಿರಲಿಲ್ಲ. ಮಿಕ್ಕಿದ ಸ್ಟಿಕ್ಕರನ್ನು ಅಂಗಿಯ ಜೇಬಿನ ಮೇಲೆ ಅಂಟಿಸಿಕೊಂಡ. ಮಾರಾಟಕ್ಕಿಟ್ಟಿದ್ದ ಕನ್ನಡಿಯ ಬೀರುವಿನಲ್ಲಿ ನೋಡಿಕೊಂಡ. ದೂರದಿಂದ ಆಫೀಸರ್ ಥರಾನೇ ಇತ್ತು.

"ಧನ್ಯವಾದಗಳು" ಎಂದಿತು ದೊಡ್ಡಮ್ಮನ ದನಿ, ಮೈಕಿನಲ್ಲಿ. "ಮಡಚುವ ಕುರ್ಚಿ ಸಿಕ್ಕಿದೆ. ಎಲ್ಲ ಸರಕೂ ಲೆಕ್ಕಕ್ಕೆ ಸರಿಹೋಗಿದೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಕುರ್ಚಿಯೂ ತಟ್ಟಿತು.

ಮಧ್ಯಾಹ್ನ ಮನೆಗೆ ಅವನ ಫೋನು ಬಂತು. ಹೆಂಡತಿಗೆ ಕಣ್ಣು ಕಾಣದ್ದರಿಂದ ನಾನೇ ಸ್ಪೀಕರಿಗೆ ಹಾಕಿದೆ.

"ಕೇಳಿದ್ಯೇನೇ, ನನಗೆ ಗಾಡಿ ಕೊಟ್ಟಿದಾರೆ!"

"ಯಾವ ಗಾಡಿ ರೀ?"

"ತಾನೇ ಓಡೋ ಗಾಡಿ. ನಾನು ಎಲ್ಲಿ ನಿಂತಿದ್ರೂ ಹುಡುಕ್ಕೊಂಡು ಬಂದು, ಕೂರಿಸ್ಕೊಂಡು ಫರ್ನಿಚರ್ ವಿಭಾಗಕ್ಕೆ ಬಿಡುತ್ತೆ."

"ಅಲ್ಲೇನು ಕೆಲಸ?"

"ಏನೂ ಇಲ್ಲ. ಸುಮ್ನೆ ಇರ್ಬೇಕು. ಎದ್ದು ಈಚೆ ಬಂದ್ರೆ ಮತ್ತೆ ಗಾಡಿ ಬರುತ್ತೆ."

ಗೋಡೆಯಾಚೆ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಇದ್ದರು. ಅವರಿಗೆ ಮಂಡಿ ನೋವು, ಬೆನ್ನು ನೋವು ಎಲ್ಲ ಇದೆ, ಕಿವಿ ಮಾತ್ರ ಬಹಳ ಚೆನ್ನಾಗಿದೆ. ತಕ್ಷಣ ಬಾಗಿಲಿಗೆ ಬಂದರು.

"ಕೆಲಸ ಏನೂ ಇಲ್ಲ, ಓಡಾಡೋಕೆ ಗಾಡಿ. ಅಕ್ಕಾವ್ರೇ, ಇದು ಮ್ಯಾನೇಜರಿಗಿಂತ ಮೇಲಿನ ಹುದ್ದೆ. ನಾನು ನಲವತ್ತು ವರ್ಷ ಸರ್ವಿಸು ಮಾಡಿದೀನಿ, ನನಗೆ ಗೊತ್ತಾಗಲ್ವಾ?"

ಬೀದಿಯಲ್ಲಿ ಸುದ್ದಿ ಹರಡಲು ಅವರೊಬ್ಬರೇ ಸಾಕು. ಅಂಗಡಿಯವನು ಬಂದು, ತನ್ನ ಅಳಿಯ ಸುಮ್ಮನಿರುವುದರಲ್ಲಿ ಬಹಳ ಪಳಗಿದವನೆಂದೂ, ಅಲ್ಲಿ ಇನ್ನೊಂದು ಜಾಗವಿದ್ದರೆ ನೋಡಬೇಕೆಂದೂ ಕೇಳಿಕೊಂಡ. ಎದುರು ಮನೆಯಾಕೆ, ಇಷ್ಟು ದಿನ ನಮ್ಮ ಬಕೆಟ್ಟನ್ನು ಹಿಂತಿರುಗಿಸದವಳು, ತೊಳೆದು ತಂದಿಟ್ಟಳು.

ಸಂಜೆಯಾಯಿತು. ಎಲ್ಲರೂ ಮನೆ ಸೇರಿದರು, ದೊಡ್ಡ ಹುದ್ದೆಯವನು ಬರಲಿಲ್ಲ. ನಾನು ಶಾಲು ಹೊದ್ದು ಹೊರಟೆ. ಪೋಸ್ಟ್‌ಮಾಸ್ಟರು "ಒಬ್ಬರೇ ಹೋಗ್ಬೇಡಿ" ಎಂದು ತಮ್ಮ ಕೋಲು ಹಿಡಿದು ಜೊತೆಗೆ ಬಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ತಮ್ಮನ ಗಾಡಿಯ ಬಣ್ಣದ ಬಗ್ಗೆ ಮಾತಾಡಿದರೂ, ಇಳಿಯುವಾಗ ನನಗೆ ಕೈ ಕೊಟ್ಟರು.

ಗೋದಾಮಿನ ಗೇಟಿನ ಕಂಬಿಗಳ ಹಿಂದೆ ತಮ್ಮ ನಿಂತಿದ್ದ. ಒಂದು ಹೆಜ್ಜೆ ಮುಂದಿಟ್ಟರೆ ಗೇಟಿನ ಮೇಲೆ ಕೆಂಪು ದೀಪ ಹತ್ತಿ, ಮೈಕು ಕೂಗುತ್ತಿತ್ತು: "ಮಾರಾಟವಾಗದ ಮಾಲು ಹೊರಗೆ ಹೋಗುತ್ತಿದೆ. ದಯವಿಟ್ಟು ತಡೆಯಿರಿ." ಗೇಟಿನ ಹೊರಗೆ ಕೂತಿದ್ದ ವಾಚ್‌ಮನ್ ಎದ್ದು ತಡೆಯುತ್ತಿದ್ದರು. ನನ್ನಷ್ಟೇ ವಯಸ್ಸಾದ ಮನುಷ್ಯ. ಏಳುವಾಗ "ಅಮ್ಮಾ", ಕೂರುವಾಗ "ಅಯ್ಯೋ", ನಡುವೆ "ಕ್ಷಮಿಸಿ ಸಾರ್."

ನನ್ನನ್ನು ಕಂಡವರೇ ತಾವು ಕೂತಿದ್ದ ಕುರ್ಚಿಯನ್ನು ಕರವಸ್ತ್ರದಲ್ಲಿ ಒರೆಸಿ ಸರಿಸಿದರು. "ಕೂತ್ಕೊಳ್ಳಿ ಅಮ್ಮ. ದೂರದಿಂದ ಬಂದಿದೀರಿ."

"ನಿಮಗೆ?"

"ನನಗೆ ಇದು ಸಿಕ್ಕಿದ್ದೇ ಮೊನ್ನೆ. ಅಲ್ಲೀವರೆಗೂ ನಿಂತೇ ಇದ್ದೆನಲ್ಲ, ಇನ್ನೊಂದು ಗಳಿಗೆ ನಿಂತರೆ ಏನಾಯ್ತು? ಕೂತ್ಕೊಳ್ಳಿ."

ಕೂತೆ. ಮ್ಯಾನೇಜರು ಟ್ಯಾಬ್ಲೆಟ್ ಸಮೇತ ಬಂದರು.

"ಇವನು ನನ್ನ ತಮ್ಮ. ಬಿಟ್ಟುಬಿಡಪ್ಪ" ಎಂದೆ.

"ಇರಬಹುದು ಅಮ್ಮ" ಎಂದರು ಅವರು ಕಣ್ಣೆತ್ತದೆ. "ಆದ್ರೆ ಸ್ಟಾಕಿನಲ್ಲಿ ಮಡಚುವ ಕುರ್ಚಿ ಅಂತಿದೆ."

"ಮಾತಾಡ್ತಾನಲ್ಲಪ್ಪ!"

"ಈಗ ಬರೋ ಮಾಲೆಲ್ಲ ಮಾತಾಡುತ್ತೆ. ಬೆಳಗ್ಗೆ ಒಂದು ಫ್ರಿಜ್ಜು ನನಗೆ ಗುಡ್ ಮಾರ್ನಿಂಗ್ ಹೇಳ್ತು."

"ಆ ಸ್ಟಿಕ್ಕರ್ ಕಿತ್ತು ಬಿಸಾಕೋ!" ಎಂದೆ ತಮ್ಮನಿಗೆ.

"ಕಿತ್ತಿದ್ದೆ ಅಕ್ಕ. ದೊಡ್ಡಮ್ಮ ಅಷ್ಟರಲ್ಲಿ ನನ್ನ ಮುಖ ಗುರುತು ಹಿಡಿದುಬಿಟ್ಟಿತ್ತು. 'ಸ್ಟಿಕ್ಕರ್ ಹರಿದ ಕುರ್ಚಿ, ಹಾಳಾದ ಮಾಲು, ಬೆಳಗ್ಗೆ ಪುಡಿ ಮಾಡೋ ಯಂತ್ರಕ್ಕೆ' ಅಂತು. ಗೋಂದು ಹಾಕಿ ವಾಪಸ್ ಅಂಟಿಸ್ಕೊಂಡೆ."

"ನಿಮ್ಮ ಕೆಲಸಗಾರನ ಗುರುತು ನಿಮಗೇ ಸಿಗಲ್ವೇನಪ್ಪ?"

ಮ್ಯಾನೇಜರು ಬೆರಳಾಡಿಸಿ ನೋಡಿದರು. "ಅವರು ಇವತ್ತು ಗೈರುಹಾಜರು. ಹೇಳದೆ ಕೇಳದೆ ಎಲ್ಲೋ ಹೋಗಿದಾರೆ. ಮನೇಲಿ ಸಿಕ್ಕರೆ ಸ್ವಲ್ಪ ಬುದ್ಧಿ ಹೇಳಿ."

"ಆಗ್ಲಿ ಸಾರ್" ಎಂದ ತಮ್ಮ, ಅಭ್ಯಾಸಬಲದಿಂದ.

ಆಗ ಮ್ಯಾನೇಜರ ಮನಸ್ಸು ಸ್ವಲ್ಪ ಕರಗಿತು. ಅವರೂ ಮನೆಗೆ ಹೋಗಬೇಕಿತ್ತಲ್ಲ. "ನೋಡಿ, ಒಂದೇ ದಾರಿ. ಇವರು ಕುರ್ಚಿ ಅಲ್ಲ ಅಂತಾದ್ರೆ ನಿಜವಾದ ಕುರ್ಚಿ ಎಲ್ಲಿ? ಅದನ್ನ ತೋರಿಸ್ಲಿ, ಈ ಕ್ಷಣ ಬಿಡ್ತೀನಿ. ಅದು ಯಾರ ಹತ್ರ ಇದೆಯೋ ಅವರ ಕೆಲಸ ಹೋಗುತ್ತೆ, ಅಷ್ಟೇ."

ತಮ್ಮ ನನ್ನ ಕಡೆ ನೋಡಿದ. ನನ್ನ ಮುಖವನ್ನಲ್ಲ, ನನ್ನ ಕಾಲ ಬುಡವನ್ನು. ಅಲ್ಲಿಂದ ಸರಕ್ಕನೆ ಕಣ್ಣು ತೆಗೆದು ಆಕಾಶ ನೋಡಿದ. ನಾನೂ ಬಗ್ಗಿ ನೋಡಿದೆ. ಕಂದು ಬಣ್ಣ. ಮಡಚುವ ಕೀಲು. ನಾನು ಕೂತಿದ್ದೇ ಅದರ ಮೇಲೆ.

ಚಿಕ್ಕಂದಿನಿಂದ ಇವನನ್ನು ಎತ್ತಿ ಆಡಿಸಿದವಳು ನಾನು, ಉಳಿದದ್ದನ್ನು ಹೇಳಿಸಿಕೊಳ್ಳಬೇಕಾಗಲಿಲ್ಲ. ವಾಚ್‌ಮನ್‌ಗಳು ನಿಂತೇ ಇರಬೇಕೆಂದು ಕಂಪನಿಯ ನಿಯಮ. ಆ ಮನುಷ್ಯನ ಮಂಡಿ ಪ್ಯಾಂಟಿನ ಮೇಲಿಂದಲೇ ಕಾಣುವಷ್ಟು ಬಾತಿತ್ತು. ಇವನು "ಕಂಪನಿ ಕಳಿಸಿದೆ" ಎಂದು ಸುಳ್ಳು ಹೇಳಿ, ಸ್ಟಿಕ್ಕರ್ ಬೀಳುವ ಮೊದಲೇ ಕುರ್ಚಿಯನ್ನು ಹೊರಗೆ ತಂದಿಟ್ಟಿದ್ದ. ಕ್ಯಾಮೆರಾಗಳೆಲ್ಲ ಒಳಗೆ ನೋಡುತ್ತಿದ್ದವು. ಹೊರಗೆ ಕೂತವರನ್ನು ನೋಡುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ನನಗೆ ಇದ್ದಕ್ಕಿದ್ದಂತೆ ಸೆಕೆಯಾಯಿತು. ಶಾಲು ತೆಗೆದು ಕುರ್ಚಿಯ ಕಾಲು ಮುಚ್ಚುವಂತೆ ಸುತ್ತ ಹರಡಿಕೊಂಡೆ.

"ಹೇಳಿ, ಕುರ್ಚಿ ಎಲ್ಲಿದೆ?" ಎಂದರು ಮ್ಯಾನೇಜರು.

"ಗೊತ್ತಿಲ್ಲ ಸಾರ್" ಎಂದ ತಮ್ಮ. ಇವನ ಬಾಯಲ್ಲಿ ಆಗ್ಲಿ ಬಿಟ್ಟು ಬೇರೆ ಮಾತು ಕೇಳಿ ಪೋಸ್ಟ್‌ಮಾಸ್ಟರು ಕೋಲು ಬೀಳಿಸಿದರು.

"ಹತ್ತು ಗಂಟೆಗೆ ಕಟ್ಟು ಬಿಚ್ಚುತ್ತಾರೆ ಕಣೋ" ಎಂದೆ ಮೆಲ್ಲಗೆ. "ಅವಳು ಹಟಮಾರಿ. ನೀನು ಬರದಿದ್ರೆ ಕಣ್ಣೇ ತೆರೆಯಲ್ಲ."

"ಗೊತ್ತು ಅಕ್ಕ." ಅವನೂ ಪಿಸುಗುಟ್ಟಿದ. "ಆದ್ರೆ ಈ ವಯಸ್ಸಲ್ಲಿ ಅವರಿಗೆ ಬೇರೆ ಯಾರು ಕೆಲಸ ಕೊಡ್ತಾರೆ?"

ಮ್ಯಾನೇಜರು ಹೋದರು. ದಾರಿ ತೋರಿಸಿದವರು ವಾಚ್‌ಮನ್ನೇ. ಪಾಪ, ತಾವೇ ಕಾರಣವೆಂದು ಅವರಿಗೇನು ಗೊತ್ತು. "ಅಮ್ಮ, ಮಾರಾಟ ಆಗದ ಮಾಲನ್ನ ತಾನೆ ತಡೆಯೋದು? ಮಾರಾಟ ಆದ್ರೆ ನಾನೂ ತಡೆಯೋ ಹಾಗಿಲ್ಲ, ದೊಡ್ಡಮ್ಮನೂ ತಡೆಯೋ ಹಾಗಿಲ್ಲ. ಮನೆಯೋರೇ ಯಾಕೆ ಆರ್ಡರ್ ಮಾಡ್ಬಾರ್ದು?"

"ಜೀವ ಇರೋದನ್ನ ಪಾರ್ಸೆಲ್ ಮಾಡೋ ಹಾಗಿಲ್ಲ" ಎಂದರು ಪೋಸ್ಟ್‌ಮಾಸ್ಟರು ಗಂಭೀರವಾಗಿ. "ನಮ್ಮ ಆಫೀಸಿನಲ್ಲಿ ಒಂದೇ ಒಂದು ಸಲ ಜೇನುಹುಳಕ್ಕೆ ವಿನಾಯಿತಿ ಕೊಟ್ಟಿದ್ದೆವು. ಅದರ ಗುರುತು ಇನ್ನೂ ನನ್ನ ಕತ್ತಿನ ಮೇಲಿದೆ."

ಆದರೂ ಮನೆಗೆ ಓಡಿದೆವು. ಅದೃಷ್ಟಕ್ಕೆ ತಮ್ಮನ ಹೆಂಡತಿ ಫೋನಿನಲ್ಲಿ ಹಾಡು ಕೇಳುತ್ತಿದ್ದಳು, ಫೋನು ತೆರೆದೇ ಇತ್ತು. ಪೋಸ್ಟ್‌ಮಾಸ್ಟರು ಕನ್ನಡಕ ಏರಿಸಿ ಹುಡುಕಿದರು.

"ಸಿಕ್ತು. ಮಡಚುವ ಕುರ್ಚಿ. ಸ್ಟಾಕಿನಲ್ಲಿ ಒಂದೇ ಒಂದು ಉಳಿದಿದೆ. ಈ ಮಾಲನ್ನು ಈಗ ಇನ್ನಿಬ್ಬರು ನೋಡುತ್ತಿದ್ದಾರೆ."

"ಯಾರವರು?" ಎಂದಳು ಅವಳು, ಕಟ್ಟಿದ ಕಣ್ಣಿನಲ್ಲೇ ಎದ್ದು ಕೂತು. "ನನ್ನ ಗಂಡನ್ನ ನೋಡ್ತಿರೋ ಆ ಇಬ್ಬರು ಯಾರು?"

"ಹೆಸರು ಹಾಕಿಲ್ಲಮ್ಮ. ತಡಿ, ವಿವರ ಓದ್ತೀನಿ. ಗಟ್ಟಿಮುಟ್ಟು. ಹೆಚ್ಚು ಜಾಗ ಹಿಡಿಯುವುದಿಲ್ಲ. ಎಲ್ಲಿ ಬೇಕಾದರೂ ಒಗ್ಗುತ್ತದೆ. ಬೆನ್ನಿಗೆ ಒಳ್ಳೆಯ ಆಧಾರ..."

"ಅದೊಂದು ಸುಳ್ಳು. ಬೇಗ ಒತ್ತಿ!"

"ಇದನ್ನು ಕೊಂಡವರು ಮೇಜನ್ನೂ ಕೊಂಡಿದ್ದಾರೆ ಅಂತಿದೆ. ಮೇಜು..."

"ಒತ್ತಿ ಮಾವಾ! ಆ ಇಬ್ಬರು ಒತ್ತಿಬಿಟ್ಟರೆ ನಾನೇನು ಮಾಡ್ಲಿ!"

ಒತ್ತಿದರು. ಬೆಳಗ್ಗೆ ಹತ್ತರೊಳಗೆ, ಕಣ್ಣಿನ ಆಸ್ಪತ್ರೆಯ ವಿಳಾಸಕ್ಕೆ. ಒಂದು ಕುರ್ಚಿಯ ಬೆಲೆಗೆ ಗಂಡ ಸಿಕ್ಕಿದ್ದು ಲಾಭವೋ ನಷ್ಟವೋ ಎಂದು ಅವಳು ಮಲಗುವವರೆಗೂ ಯೋಚಿಸುತ್ತಿದ್ದಳು.

ಬೆಳಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರು ಕತ್ತರಿ ಹಿಡಿದು ಕಾಯುತ್ತಿದ್ದರು. ರೋಗಿಗಳೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು, ಕೆಲವರು ಒಂದೇ ಕಣ್ಣಿನಲ್ಲಿ, ಆದರೆ ಪೂರ್ತಿ ಆಸಕ್ತಿಯಿಂದ. ಹತ್ತಕ್ಕೆ ಬಾಗಿಲಲ್ಲಿ ಒಂದು ಗಾಡಿ ನಿಂತಿತು.

ತಮ್ಮನನ್ನು ಇಳಿಸಿದರು. ಕತ್ತಿನಿಂದ ಮಂಡಿಯವರೆಗೆ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆ ಸುತ್ತಿತ್ತು. ಗಾಬರಿಗೆ ಕೈಗೆಟುಕಿದ ಗುಳ್ಳೆಗಳನ್ನೆಲ್ಲ ಅವನು ಒಡೆದು ಮುಗಿಸಿದ್ದ. ಹಣೆಯ ಮೇಲೆ "ಜೋಪಾನ, ಒಡೆಯುವ ವಸ್ತು" ಎಂಬ ಚೀಟಿ, ಕೆನ್ನೆಯ ಮೇಲೆ ಮೇಲ್ಮುಖದ ಬಾಣ. ಪ್ಯಾಕಿಂಗಿನ ಹೆಂಗಸರು ನಿಯಮ ಮೀರುವ ಹಾಗಿರಲಿಲ್ಲ. ಆದರೆ ಹಾಳೆಯನ್ನು ಉಸಿರು ಕಟ್ಟದಷ್ಟು ಸಡಿಲ ಬಿಟ್ಟು, ಕತ್ತಿನ ಹತ್ತಿರ ಒಂದು ಬಿಸ್ಕತ್ ಪೊಟ್ಟಣ ಸಿಕ್ಕಿಸಿದ್ದರು. ಯಾರೋ ತಲೆಯನ್ನೂ ಬಾಚಿದ್ದರು, ಇದ್ದಷ್ಟನ್ನು.

ತಲುಪಿಸುವವನು ಹೆಲ್ಮೆಟ್ ತೆಗೆದು ಬಾಗಿಲಲ್ಲೇ ನಿಂತ. "ಮೇಡಂ, ನಿಮ್ಮ ಫೋನಿಗೆ ಒಂದು ಓಟಿಪಿ ಬಂದಿರುತ್ತೆ. ಹೇಳಿದ್ರೆ ಮಾಲು ಒಳಗೆ ಬರುತ್ತೆ."

ಫೋನು ಕೈಗೆತ್ತಿಕೊಂಡೆ. ಅದಕ್ಕೆ ಬೀಗ ಬಿದ್ದಿತ್ತು. ತಮ್ಮನ ಹೆಂಡತಿಯ ಮುಖ ತೋರಿಸಿದರೆ ಮಾತ್ರ ತೆರೆಯುವ ಬೀಗ. ತೋರಿಸಿದೆವು. ಕಣ್ಣು ಕಟ್ಟಿದ ಮುಖವನ್ನು ನೋಡಿ ಫೋನು "ಇವರು ಯಾರೋ ಗೊತ್ತಾಗಲಿಲ್ಲ" ಎಂದಿತು.

"ನಂಬರ್ ಹಾಕಿದ್ರೂ ತೆರೆಯುತ್ತೆ" ಎಂದರು ಪೋಸ್ಟ್‌ಮಾಸ್ಟರು. "ಯಾರು ಇಟ್ಟಿದ್ದು ನಂಬರು?"

ಎಲ್ಲರೂ ಬಾಗಿಲ ಕಡೆ ನೋಡಿದರು. ಯಾರಿಗೂ ಗೊತ್ತಾಗದ ಹಾಗೆ ನಂಬರ್ ಇಟ್ಟವನು ನನ್ನ ತಮ್ಮ. ಆ 'ಯಾರಿಗೂ' ಎಂಬುದರಲ್ಲಿ ಅವನೂ ಸೇರಿದ್ದ.

"ಸರಿ, ಕಟ್ಟು ಬಿಚ್ಚಿಬಿಡೋಣ. ಆಗ ಫೋನಿಗೆ ಗುರುತು ಸಿಗುತ್ತೆ" ಎಂದರು ಡಾಕ್ಟರು.

"ಮುಟ್ಟಬೇಡಿ ಡಾಕ್ಟ್ರೇ!" ಎಂದಳು ಅವಳು ಎರಡೂ ಕೈಯಲ್ಲಿ ಕಟ್ಟು ಹಿಡಿದುಕೊಂಡು. "ಅವರು ಎದುರಿಗೆ ನಿಲ್ಲದೆ ಬಿಚ್ಚಿಸಲ್ಲ."

"ಅವರನ್ನ ಒಳಗೆ ಬಿಡಪ್ಪ."

"ಓಟಿಪಿ ಇಲ್ದೆ ಬಿಟ್ಟರೆ ನನ್ನ ಕೆಲಸ ಹೋಗುತ್ತೆ ಸಾರ್."

"ಓಟಿಪಿ ಬರಬೇಕಾದ್ರೆ ಕಟ್ಟು ಬಿಚ್ಚಬೇಕು."

"ಕಟ್ಟು ಬಿಚ್ಚಬೇಕಾದ್ರೆ ಅವರು ಬರಬೇಕು."

"ಅವರು ಬರಬೇಕಾದ್ರೆ ಓಟಿಪಿ ಬೇಕು."

ಬೆಂಚಿನ ಮೇಲಿನ ಅಜ್ಜನೊಬ್ಬರು ಇದನ್ನೆಲ್ಲ ಬೆರಳಿನಲ್ಲಿ ಸುತ್ತು ಹಾಕಿ ನೋಡಿ, "ಇದು ಮುಗಿಯೋ ಥರ ಕಾಣಲ್ಲ" ಎಂದು ತೀರ್ಪು ಕೊಟ್ಟರು. ತಲುಪಿಸುವವನ ಕೈಯ ಯಂತ್ರ ಕಿರುಗುಟ್ಟಿತು. ಅವನು ತಗ್ಗಿದ ದನಿಯಲ್ಲಿ, "ಅಮ್ಮ, ಇನ್ನು ಸ್ವಲ್ಪ ಹೊತ್ತಿಗೆ ಗ್ರಾಹಕರು ಸಿಗಲಿಲ್ಲ ಅಂತ ತಾನೇ ಬರ್ಕೊಂಡುಬಿಡುತ್ತೆ. ಆಮೇಲೆ ಇವರನ್ನ ಗೋಡೌನಿಗೇ ವಾಪಸ್ ಒಯ್ಯಬೇಕು" ಎಂದ. ಹೇಳುತ್ತಲೇ ತಮ್ಮನ ಮುಖಕ್ಕೆ ಬಿಸಿಲು ಬೀಳದ ಹಾಗೆ ತಾನು ಅಡ್ಡ ನಿಂತುಕೊಂಡ. ನಾನು ಅದನ್ನು ನೋಡಿದೆ.

"ಅಕ್ಕ, ಬೆನ್ನು ಕಡೀತಿದೆ" ಎಂದ ತಮ್ಮ. ಕೈ ಕಟ್ಟಿಹಾಕಿದ್ದರಲ್ಲ. ಕೆರೆಯೋಣವೆಂದು ಹಿಂದೆ ಹೋದೆ. ಅಲ್ಲೊಂದು ಚೀಟಿ. ಪ್ಯಾಕಿಂಗಿನ ಯಾರೋ ಪುಣ್ಯಾತ್ಮಳು ಅದರಲ್ಲಿ ಒಂದು ಸಾಲಿನ ಮುಂದೆ ಗುರುತು ಹಾಕಿದ್ದಳು. ದೊಡ್ಡದಾಗಿ ಓದಿದೆ:

"ಹಣ ಪಡೆದ ಮಾಲು. ಒಪ್ಪಿಕೊಳ್ಳುವ ಮುನ್ನ ಗ್ರಾಹಕರು ಪ್ಯಾಕಿಂಗ್ ತೆಗೆಸಿ, ಕಣ್ಣಾರೆ ಪರೀಕ್ಷಿಸಬಹುದು."

ತಲುಪಿಸುವವನ ಮುಖ ಅರಳಿತು. "ಹೌದಲ್ಲ! ಹಾಗಿದ್ರೆ ಒಳಗೆ ತರಬಹುದು! ಕಣ್ಣಾರೆ ಅಂತ ಬರೆದಿದೆ ಡಾಕ್ಟ್ರೇ, ಕಣ್ಣು ರೆಡಿ ಮಾಡಿ!"

ಅವನೇ ಹಾಳೆ ಬಿಚ್ಚಿ, ತಮ್ಮನ ತೋಳು ಹಿಡಿದು ತಂದು ಮಂಚದೆದುರು ನಿಲ್ಲಿಸಿದ. ಡಾಕ್ಟರು ಕಟ್ಟು ಬಿಚ್ಚಿದರು. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು.

ಅವಳು ಮೆಲ್ಲಗೆ ಕಣ್ಣು ತೆರೆದಳು. ನೋಡಿದಳು. ಹಣೆಯ ಚೀಟಿಯನ್ನು ಓದಿದಳು, ಅದನ್ನು ಕೈಯಾರೆ ಬಿಡಿಸಿ ತೆಗೆದಳು, ಮತ್ತೆ ನೋಡಿದಳು. ತಮ್ಮ ಹೊಟ್ಟೆ ಒಳಗೆಳೆದು ನಿಂತಿದ್ದ.

"ರಾತ್ರಿ ಊಟ ಮಾಡಿದ್ರಾ?" ಎಂದಳು.

"ಬಿಸ್ಕತ್ತಿತ್ತು."

ತಲುಪಿಸುವವನು ಗಂಟಲು ಸರಿಪಡಿಸಿಕೊಂಡ. "ಮಾಲು ಸರಿಯಾಗಿದೆಯಾ ಮೇಡಂ? ಯಂತ್ರ ಕೇಳ್ತಿದೆ."

"ಚಿತ್ರದಲ್ಲಿ ಇದ್ದ ಹಾಗಿಲ್ಲ" ಎಂದಳು ಅವಳು ಕಣ್ಣು ಕದಲಿಸದೆ. "ಬಣ್ಣ ಮಾಸಿದೆ. ಅಲ್ಲಲ್ಲಿ ಸವೆದಿದೆ. ಕೂದಲಂತೂ ಕಳಿಸೇ ಇಲ್ಲ."

"ವಾಪಸ್ ಒಯ್ಯಲಾ?"

ಅವಳು ತಮ್ಮನ ಕೆನ್ನೆಯ ಮೇಲಿನ ಬಾಣವನ್ನೂ ಬಿಡಿಸಿ ತೆಗೆದಳು.

"ಇಟ್ಟು ಹೋಗಪ್ಪ" ಎಂದಳು. ಫೋನನ್ನು ಮುಖದೆದುರು ಹಿಡಿದಳು. ಈಗ ಅದಕ್ಕೂ ಗುರುತು ಸಿಕ್ಕಿತು. ಓಟಿಪಿಯನ್ನು ತಾನೇ ಓದಿ ಹೇಳಿದಳು, ಯಾರ ಸಹಾಯವೂ ಇಲ್ಲದೆ. ಆಮೇಲೆ ಕಣ್ಣು ಒದ್ದೆಯಾಯಿತು, ಡಾಕ್ಟರು ಔಷಧಿ ಹೊರಗೆ ಬರುತ್ತೆ ಎಂದು ಗದರಿದರು.

"ಇನ್ಮೇಲೆ ಸಿಕ್ಕಿದ್ದನ್ನೆಲ್ಲ ಮೈಗೆ ಅಂಟಿಸ್ಕೋಬೇಡಿ" ಎಂದ ಅವಳ ಮಾತಿಗೆ ಅವನು ಹೇಳಿದ್ದೇನೆಂದು ನಿಮಗೇ ಗೊತ್ತು.

ಮರುದಿನ ತಮ್ಮ ಎಂದಿನಂತೆ ಕೆಲಸಕ್ಕೆ ಹೋದ. ಕುರ್ಚಿ ಮಾರಾಟವಾಗಿ ಹೋಗಿದ್ದರಿಂದ ದೊಡ್ಡಮ್ಮ ಇವನನ್ನು ಮನುಷ್ಯನೆಂದೇ ಒಪ್ಪಿಕೊಂಡಿತು, ಹೇಳದೆ ರಜೆ ಹಾಕಿದ್ದಕ್ಕೆ ಒಂದು ಎಚ್ಚರಿಕೆಯನ್ನೂ ಕೊಟ್ಟಿತು. ಮ್ಯಾನೇಜರ ಟ್ಯಾಬ್ಲೆಟ್ಟಿನಲ್ಲಿ ಎಲ್ಲವೂ ಚೊಕ್ಕ. ಕಂದು ಬಣ್ಣದ ಮಡಚುವ ಕುರ್ಚಿ ಮಾರಾಟವಾಗಿದೆ, ತಲುಪಿದೆ, ಗ್ರಾಹಕರು ಕಣ್ಣಾರೆ ಕಂಡು ಒಪ್ಪಿದ್ದಾರೆ. ಇನ್ನು ಆ ಕುರ್ಚಿಯನ್ನು ಹುಡುಕುವವರು ಈ ಲೋಕದಲ್ಲಿ ಯಾರೂ ಇರಲಿಲ್ಲ.

ಮೊನ್ನೆ ತಮ್ಮ ಬುತ್ತಿ ಮರೆತು ಹೋಗಿದ್ದ. ಕೊಡಲು ಗೇಟಿಗೆ ಹೋದೆ. ವಾಚ್‌ಮನ್ ಏಳಲು ಹೊರಟರು. "ನೀವೇ ಕೂತಿರಿ" ಎಂದೆ.

"ಗಟ್ಟಿ ಕುರ್ಚಿ ಅಮ್ಮ" ಎಂದರು ಅವರು ಅದರ ಕೈಯನ್ನು ಸವರುತ್ತ. "ಏನೇ ಅನ್ನಿ, ಕಂಪನಿಯೋರು ಒಳ್ಳೆ ಜನ."

"ಬಹಳ ಒಳ್ಳೆಯವರು" ಎಂದೆ.

ಅಷ್ಟರಲ್ಲಿ ಮ್ಯಾನೇಜರು ಟ್ಯಾಬ್ಲೆಟ್ ನೋಡುತ್ತ ಹೊರಗೆ ಬಂದವರು ಆ ಕುರ್ಚಿಗೆ ಮೊಣಕಾಲು ಹೊಡೆದುಕೊಂಡರು. "ಹಾ!" ಎಂದು ಬಗ್ಗಿ ಕುರ್ಚಿಯನ್ನು ನೋಡಿದರು. ಆಮೇಲೆ ಟ್ಯಾಬ್ಲೆಟ್ ನೋಡಿದರು. ಬೆರಳಿನಲ್ಲಿ ಮೇಲೆ ಕೆಳಗೆ ಸರಿಸಿದರು. ಅಲ್ಲಿ ಯಾವ ಕುರ್ಚಿಯೂ ಇರಲಿಲ್ಲ. ಸಮಾಧಾನವಾಗಿರಬೇಕು, ಮೊಣಕಾಲು ಉಜ್ಜಿಕೊಳ್ಳುತ್ತ, ಅದನ್ನು ಬಳಸಿಕೊಂಡು ಕುಂಟುತ್ತ ಹೋದರು.